ಪಿಕಪ್ಪಿನ ಗಾಲಿ, ಹೊರೆಯ ಲೆಕ್ಕ

"ದೊಡ್ ಟಯರ್ ಹಾಕ್ರೆ ಜಾಸ್ತಿ ಲೋಡ್ ತಡೀತ್ತ್." ಕುಂದಾಪುರ ಸೀಮೆಯಲ್ಲಿ ಪಿಕಪ್ ಇಟ್ಟುಕೊಂಡವರ ನಡುವೆ ಈ ಮಾತು ಎಷ್ಟು ಸಲ ಕೇಳಿಬರುತ್ತದೆಂದರೆ, ಅದನ್ನು ಪ್ರಶ್ನಿಸಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಮೇಲುನೋಟಕ್ಕೆ ಸರಿಯಾಗಿಯೂ ಇದೆ. ಲಾರಿಯ ಟಯರ್ ದೊಡ್ಡದು, ಹೊರೆಯೂ ದೊಡ್ಡದು. ರಿಕ್ಷಾದ ಟಯರ್ ಸಣ್ಣದು, ಹೊರೆಯೂ ಸಣ್ಣದು. ಆದರೆ ಅದೇ ಎಂಜಿನ್, ಅದೇ ಗೇರ್‌ಬಾಕ್ಸ್, ಅದೇ ಆಕ್ಸೆಲ್ ಇರುವ ಒಂದೇ ಗಾಡಿಗೆ ಟಯರ್ ಮಾತ್ರ ದೊಡ್ಡದು ಮಾಡಿಸಿದರೆ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಅದರ ಉತ್ತರ ಹೆಚ್ಚುಕಡಿಮೆ ತಲೆಕೆಳಗು: ಎಳೆಯುವ ಬಲ ಕುಗ್ಗುತ್ತದೆ, ಬ್ರೇಕಿನ ಹಿಡಿತ ಕುಗ್ಗುತ್ತದೆ, ಹೊರುವ ಶಕ್ತಿ ಹೆಚ್ಚುವುದು ಅಪರೂಪ. ಕೆಲವು ಸಲ ಅದೂ ಕುಗ್ಗುತ್ತದೆ.

ಈ ಪ್ರಶ್ನೆಯನ್ನು ಗುಲ್ವಾಡಿಯಂಥ ಊರಿನಲ್ಲಿಟ್ಟು ನೋಡಬಹುದು. 'ಇಂದಿರಾಬಾಯಿ'ಯನ್ನು 1899ರಲ್ಲಿ ಪ್ರಕಟಿಸಿದ ಗುಲ್ವಾಡಿ ವೆಂಕಟರಾಯರಿಂದ ಈ ಊರಿನ ಹೆಸರು ಸಾಹಿತ್ಯದ ವಿದ್ಯಾರ್ಥಿಗಳಿಗೆ ಗೊತ್ತು. ಸೌಕೂರಿನ ದುರ್ಗಾಪರಮೇಶ್ವರಿಯಿಂದ ಭಕ್ತರಿಗೆ ಗೊತ್ತು. ಊರು ವಾರಾಹಿಯ ದಂಡೆಯದು. ಆಚೆಗಿನ ಬಸರೂರು ಒಂದು ಕಾಲದಲ್ಲಿ ಅಕ್ಕಿ ಸಾಗಿಸುತ್ತಿದ್ದ ದೊಡ್ಡ ಬಂದರು. ಭಾರವೆಲ್ಲ ನೀರಿನ ಮೇಲೆ ಹೋಗುತ್ತಿದ್ದ ಕಾಲದಲ್ಲಿ ಗಾಲಿಯ ಅಳತೆ ಯಾರ ತಲೆನೋವೂ ಆಗಿರಲಿಲ್ಲ. ಈಗ ಕೆಂಪುಕಲ್ಲು, ಹಂಚು, ಸಿಮೆಂಟು, ತೆಂಗಿನಕಾಯಿ, ಅಡಿಕೆ, ಗಂಗೊಳ್ಳಿ ಬಂದರಿನ ಮೀನು, ಮದುವೆಮನೆಯ ಪಾತ್ರೆ, ಶಾಮಿಯಾನದ ಕಂಬ, ಎಲ್ಲವೂ ಪಿಕಪ್ಪಿನ ಬೆನ್ನ ಮೇಲೆ. ತೋಟದ ಮಣ್ಣುದಾರಿ, ಪಂಚಾಯತಿಯ ಕಾಂಕ್ರೀಟ್ ರಸ್ತೆ, ರಾಷ್ಟ್ರೀಯ ಹೆದ್ದಾರಿ 66, ಕೊನೆಗೆ ಹೊಸಂಗಡಿ ದಾಟಿ ಹುಲಿಕಲ್ಲಿಗೆ ಹತ್ತುವ ಬಾಳೆಬರೆ ಘಾಟಿ, ಇಷ್ಟನ್ನೂ ಒಂದೇ ಗಾಡಿ ಒಂದೇ ದಿನದಲ್ಲಿ ನೋಡಬಹುದು. ಟಯರಿನ ಬಗ್ಗೆ ತಪ್ಪು ತಿಳಿವಳಿಕೆ ಇದ್ದರೆ ಅದು ಬಯಲಾಗಲು ಇದಕ್ಕಿಂತ ಒಳ್ಳೆಯ ಪರೀಕ್ಷಾ ರಸ್ತೆ ಬೇಕಿಲ್ಲ.

ಮೊದಲು ಟಯರಿನ ಪಕ್ಕೆಯ ಮೇಲೆ ಬರೆದದ್ದನ್ನು ಓದೋಣ. ನಮ್ಮ ಕಡೆಯ ಪಿಕಪ್ಪುಗಳಲ್ಲಿ ಸಾಮಾನ್ಯವಾಗಿ ಕಾಣುವ ಅಳತೆ 215/75 ಆರ್ 15. ಟಯರಿನ ಅಗಲ 215 ಮಿಲಿಮೀಟರ್. ರಿಮ್ಮಿನ ಅಂಚಿನಿಂದ ನೆಲದವರೆಗಿನ ಪಕ್ಕೆಯ ಎತ್ತರ ಆ ಅಗಲದ 75 ಶೇಕಡಾ. ರಿಮ್ಮಿನ ವ್ಯಾಸ 15 ಇಂಚು. ಆರ್ ಎಂದರೆ ರೇಡಿಯಲ್. ಲೆಕ್ಕ ಹಾಕಿದರೆ ಟಯರಿನ ಒಟ್ಟು ಎತ್ತರ ಸುಮಾರು 703 ಮಿಲಿಮೀಟರ್. ಒಂದು ಸುತ್ತು ಉರುಳಿದರೆ ಗಾಡಿ 2.21 ಮೀಟರ್ ಮುಂದೆ ಹೋಗುತ್ತದೆ. ಇದರ ಜಾಗದಲ್ಲಿ ಅದೇ ರಿಮ್ಮಿಗೆ 235/75 ಆರ್ 15 ಕೂರಿಸಿದರೆ ಎತ್ತರ 733 ಮಿಲಿಮೀಟರ್ ಆಗುತ್ತದೆ. ನೋಡುವವರಿಗೆ ಗಾಡಿ ಒಂದೂವರೆ ಸೆಂಟಿಮೀಟರ್ ಮೇಲೆದ್ದದ್ದು ಮಾತ್ರ ಕಾಣುತ್ತದೆ. ಎಂಜಿನ್ನಿಗೆ ಕಾಣುವುದು ಬೇರೆ: ಪ್ರತಿ ಸುತ್ತಿಗೂ 4.3 ಶೇಕಡಾ ಹೆಚ್ಚು ದೂರ ತಳ್ಳಬೇಕು.

ಆದರೆ ಹೊರೆಯ ಮಟ್ಟಿಗೆ ಮುಖ್ಯವಾದ ಅಂಕಿ ಈ ಮೂರರಲ್ಲಿ ಯಾವುದೂ ಅಲ್ಲ. ಅಳತೆಯ ಪಕ್ಕದಲ್ಲೇ ಸಣ್ಣದಾಗಿ ಇನ್ನೊಂದು ಸಂಖ್ಯೆ ಇರುತ್ತದೆ: 99, 100, 106, 108 ಹೀಗೆ. ಅದು ಲೋಡ್ ಇಂಡೆಕ್ಸ್. 100 ಎಂದಿದ್ದರೆ ಆ ಒಂದು ಟಯರ್ 800 ಕೆಜಿ ಹೊರಬಲ್ಲದು, 104 ಇದ್ದರೆ 900, 106ಕ್ಕೆ 950, 108ಕ್ಕೆ 1000, 112ಕ್ಕೆ 1120. ಅದಕ್ಕಂಟಿಕೊಂಡ ಇಂಗ್ಲಿಷ್ ಅಕ್ಷರ ವೇಗದ ಮಿತಿ. ಸರಕು ಸಾಗಣೆಯ ಟಯರುಗಳ ಮೇಲೆ 'ಎಲ್‌ಟಿ' ಎಂಬ ಗುರುತೂ, 6 ಪಿಆರ್ ಅಥವಾ 8 ಪಿಆರ್ ಎಂಬ ಪ್ಲೈ ರೇಟಿಂಗೂ ಇರುತ್ತದೆ. ಟಯರ್ ಕೊಳ್ಳುವಾಗ ಅಳತೆ ಕೇಳುವವರು ಎಲ್ಲರೂ. ಲೋಡ್ ಇಂಡೆಕ್ಸ್ ಕೇಳುವವರು ಕಡಿಮೆ. ಒಂದೇ ಅಳತೆಯ ಎರಡು ಟಯರುಗಳಲ್ಲಿ, ಒಂದು ಜೀಪಿಗೆಂದು ಮಾಡಿದ್ದು, ಇನ್ನೊಂದು ಸರಕಿನ ಗಾಡಿಗೆಂದು ಮಾಡಿದ್ದು, ಹೊರುವ ಶಕ್ತಿಯ ವ್ಯತ್ಯಾಸ ನೂರಾರು ಕೆಜಿ ಇರಬಹುದು. 100ರ ಜಾಗದಲ್ಲಿ 108 ಹಾಕಿದವನಿಗೆ ಹಿಂದಿನ ಆಕ್ಸೆಲ್‌ನ ಎರಡು ಟಯರಿಗೆ ಸೇರಿ 400 ಕೆಜಿ ಹೆಚ್ಚಿನ ಭದ್ರತೆ ಸಿಗುತ್ತದೆ, ಟಯರಿನ ಎತ್ತರ ಒಂದು ಕೂದಲೆಳೆಯಷ್ಟೂ ಹೆಚ್ಚದೆ.

ಏಕೆ ಹೀಗೆ? ಭಾರವನ್ನು ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. ರಬ್ಬರು, ನೈಲಾನ್, ಉಕ್ಕಿನ ತಂತಿ ಇವೆಲ್ಲ ಆ ಗಾಳಿಯನ್ನು ಹಿಡಿದಿಡುವ ಚೀಲ. ಒಂದು ಟಯರಿನ ಮೇಲೆ 1000 ಕೆಜಿ ಕೂತಿದೆ, ಒಳಗೆ 60 ಪಿಎಸ್‌ಐ ಗಾಳಿ ಇದೆ ಎನ್ನಿ. ಆ ಒತ್ತಡವೆಂದರೆ ಚದರ ಸೆಂಟಿಮೀಟರಿಗೆ ಸುಮಾರು 4.2 ಕೆಜಿ. ಹಾಗಿದ್ದರೆ ಟಯರು ನೆಲಕ್ಕೆ ತಾಗಿರುವ ಜಾಗ ಹೆಚ್ಚುಕಡಿಮೆ 240 ಚದರ ಸೆಂಟಿಮೀಟರ್, ಒಂದು ನೋಟ್‌ಪುಸ್ತಕದ ಹಾಳೆಗಿಂತ ಚಿಕ್ಕದು. ಗಾಳಿ 40ಕ್ಕೆ ಇಳಿದರೆ ಅದೇ ಭಾರಕ್ಕೆ ಒಂದೂವರೆ ಪಾಲು ಜಾಗ ಬೇಕು. ಅಷ್ಟು ಜಾಗ ಮಾಡಿಕೊಡಲು ಪಕ್ಕೆ ಬಾಗಬೇಕು. ನಿಮಿಷಕ್ಕೆ ನಾನೂರು ಐನೂರು ಸಲ ಹೀಗೆ ಬಾಗಿ ನೆಟ್ಟಗಾಗುವ ಪಕ್ಕೆ ಕಾಯುತ್ತದೆ, ಕಾದ ರಬ್ಬರು ಪದರ ಬಿಡುತ್ತದೆ. ಏಪ್ರಿಲ್ ಮಧ್ಯಾಹ್ನ ಹೆದ್ದಾರಿಯಲ್ಲಿ ಟಯರ್ ಸಿಡಿದಾಗ ಎಲ್ಲರೂ ಬಿಸಿಲನ್ನು ದೂರುತ್ತಾರೆ. ಬಿಸಿಲು ಕೊನೆಯ ಒಂದು ಚಿಟಿಕೆ ಸೇರಿಸಿದ್ದಷ್ಟೇ. ಉಳಿದದ್ದು ಕಡಿಮೆ ಗಾಳಿ ಮತ್ತು ಹೆಚ್ಚು ಹೊರೆಯ ಕೆಲಸ.

ಎತ್ತಿನ ಗಾಡಿ ಈ ಪಾಠವನ್ನು ಎಂದೋ ಕಲಿಸಿತ್ತು. ಕಬ್ಬಿಣದ ಪಟ್ಟಿ ಬಡಿದ ಮರದ ಚಕ್ರ ಆಳೆತ್ತರಕ್ಕೆ ಹತ್ತಿರ ಬರುತ್ತಿತ್ತು. ಅದರ ಪಕ್ಕದಲ್ಲಿ ಬಂದು ನಿಂತ ಟಯರ್ ಗಾಡಿಯ ಗಾಲಿ ಅದರ ಅರ್ಧದಷ್ಟು. ಆದರೂ ಅದೇ ಜೋಡಿ ಎತ್ತು ಟಯರ್ ಗಾಡಿಯಲ್ಲಿ ಹೆಚ್ಚು ಭಾರ ಎಳೆಯಿತು. ಗಾಲಿಯ ಎತ್ತರಕ್ಕಿಂತ ಅದರೊಳಗಿನ ಗಾಳಿ, ಬೇರಿಂಗು ದೊಡ್ಡವು ಎಂದು ರೈತನಿಗೆ ಯಾರೂ ವಿವರಿಸಬೇಕಾಗಲಿಲ್ಲ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿ ಎತ್ತಿನ ಗಾಡಿಯ ಸುಧಾರಣೆಯನ್ನೇ ಒಂದು ಶಾಸ್ತ್ರವಾಗಿ ಹಿಡಿದು, ಅದಕ್ಕಾಗಿ ಕಾರ್ಟ್‌ಮ್ಯಾನ್ ಎಂಬ ಸಂಸ್ಥೆಯನ್ನೂ ಕಟ್ಟಿದರು. ಮ್ಯಾನೇಜ್‌ಮೆಂಟ್ ಕಲಿಸುವ ಪ್ರೊಫೆಸರು ಎತ್ತಿನ ಗಾಡಿ ಹಿಂದೆ ಬಿದ್ದಿದ್ದಾರೆಂದು ನಕ್ಕವರಿದ್ದಿರಬಹುದು. ಆದರೆ ಹಳ್ಳಿಗಳ ಸರಕಿನ ದೊಡ್ಡ ಪಾಲು ಆಗ ಓಡಾಡುತ್ತಿದ್ದುದು ಆ ಗಾಲಿಗಳ ಮೇಲೆಯೇ.

ಈಗ ಘಾಟಿಗೆ ಬರೋಣ. ಎಂಜಿನ್ ತಿರುಚುವ ಬಲವನ್ನು ಗೇರುಗಳು ಹೆಚ್ಚಿಸಿ ಆಕ್ಸೆಲ್‌ಗೆ ಕೊಡುತ್ತವೆ. ಆಕ್ಸೆಲ್‌ನಿಂದ ನೆಲಕ್ಕೆ ಆ ಬಲ ತಲುಪುವುದು ಟಯರಿನ ಅರ್ಧ ಎತ್ತರದಷ್ಟು ಉದ್ದದ ಕೈಯ ಮೂಲಕ. ಕೈ ಉದ್ದವಾದಷ್ಟೂ ತುದಿಯಲ್ಲಿ ಸಿಗುವ ಬಲ ಕಡಿಮೆ. 4.3 ಶೇಕಡಾ ಹೆಚ್ಚು ಎತ್ತರದ ಟಯರ್ ಹಾಕಿದರೆ ಪ್ರತಿ ಗೇರಿನಲ್ಲೂ ನೂಕುವ ಬಲ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಸರಕು ತುಂಬಿದ ಪಿಕಪ್ಪಿನ ಒಟ್ಟು ತೂಕ 3400 ಕೆಜಿ ಎಂದಿಟ್ಟುಕೊಂಡರೆ, ಏರಿನಲ್ಲಿ ಇದು 145 ಕೆಜಿ ಹೆಚ್ಚುವರಿ ಹೇರಿದ್ದಕ್ಕೆ ಸಮ. ಒಂದು ಕೆಂಪುಕಲ್ಲಿಗೆ 30 ಕೆಜಿ ಲೆಕ್ಕ ಹಿಡಿಯಿರಿ: ಬಾಡಿಗೆ ಸಿಗದ ಐದು ಕಲ್ಲುಗಳನ್ನು ಸದಾ ಹೊತ್ತುಕೊಂಡು ತಿರುಗಿದ ಹಾಗಾಯಿತು. ಟಯರಿನ ಎತ್ತರ ಹತ್ತು ಶೇಕಡಾ ಹೆಚ್ಚಿಸಿದವರಿಗೆ ಹನ್ನೊಂದು ಕಲ್ಲು. ಬಾಳೆಬರೆಯ ತಿರುವಿನಲ್ಲಿ ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಗಾಡಿ ಮೊದಲಿಗೆ ಇಳಿಯುವುದು, ಕ್ಲಚ್ಚಿನ ಸುಟ್ಟ ವಾಸನೆ ಬರುವುದು, ಮುಂದೆ ಬಸ್ಸು ನಿಂತಾಗ ಮತ್ತೆ ಎತ್ತುವಾಗ ಗಾಡಿ ಹಿಂದೆ ಜಾರುವುದು ಈ ಲೆಕ್ಕದಿಂದಲೇ.

ಜೊತೆಗೆ ದೊಡ್ಡ ಟಯರು, ದೊಡ್ಡ ರಿಮ್ಮು ತಾವೇ ಭಾರ. ಆ ತೂಕ ಗಾಡಿಯ ಮೇಲೆ ಸುಮ್ಮನೆ ಕೂತಿರುವುದಿಲ್ಲ, ತಿರುಗುತ್ತಿರುತ್ತದೆ. ನಿಂತಲ್ಲಿಂದ ಹೊರಡಿಸುವಾಗ, ತಿರುಗುವ ತೂಕಕ್ಕೆ ಸುಮ್ಮನೆ ಕೂತ ತೂಕಕ್ಕಿಂತ ಹೆಚ್ಚು ಶಕ್ತಿ ಬೇಕು. ಪೇಟೆಯೊಳಗೆ ನಿಂತು ಹೊರಡುವ ಗಾಡಿಗೆ ಇದು ಡೀಸೆಲ್ಲಿನಲ್ಲಿ ಗೊತ್ತಾಗುತ್ತದೆ. ಕಾಗದದ ಮೇಲೂ ಒಂದು ನಷ್ಟವಿದೆ: ಗಾಡಿಯ ಒಟ್ಟು ತೂಕದ ಮಿತಿ ಬದಲಾಗುವುದಿಲ್ಲವಾದ್ದರಿಂದ, ಖಾಲಿ ಗಾಡಿ ಎಷ್ಟು ಕೆಜಿ ಭಾರವಾಯಿತೋ ಹೇರಬಹುದಾದ ಸರಕು ಅಷ್ಟು ಕೆಜಿ ಕಡಿಮೆಯಾಯಿತು.

ಹತ್ತುವುದಕ್ಕಿಂತ ಇಳಿಯುವುದು ಕಷ್ಟ ಎನ್ನುವುದು ಘಾಟಿ ಚಾಲಕರ ಮಾತು, ಭೌತಶಾಸ್ತ್ರದ ಮಾತೂ ಹೌದು. ಹತ್ತಲಾಗದಿದ್ದರೆ ಗಾಡಿ ನಿಲ್ಲುತ್ತದೆ. ಇಳಿಯುವಾಗ ತಡೆಯಲಾಗದಿದ್ದರೆ ನಿಲ್ಲುವುದಿಲ್ಲ. ಬ್ರೇಕ್ ಡ್ರಮ್ಮು, ಲೈನರು ಹಳೆಯ ಅಳತೆಯವೇ ಇದ್ದು ಟಯರ್ ಮಾತ್ರ ಎತ್ತರವಾದರೆ, ಅದೇ ಪೆಡಲ್ ಒತ್ತಡಕ್ಕೆ ನೆಲದ ಮೇಲೆ ಸಿಗುವ ತಡೆ ಕಡಿಮೆ. ಗೇರಿನಲ್ಲಿ ಹಿಡಿದು ಇಳಿಸುವಾಗ ಎಂಜಿನ್ ಕೊಡುವ ತಡೆಯೂ ಅದೇ ಪ್ರಮಾಣದಲ್ಲಿ ಕಡಿಮೆ. ಮೂರೂವರೆ ಟನ್ನಿನ ಗಾಡಿ ಘಟ್ಟದಿಂದ ಐದಾರು ನೂರು ಮೀಟರ್ ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿಯೆಲ್ಲ ಎಲ್ಲಾದರೂ ಶಾಖವಾಗಿ ಹೋಗಲೇಬೇಕು. ಎಂಜಿನ್ ತೆಗೆದುಕೊಳ್ಳದ ಪಾಲು ಡ್ರಮ್ಮಿಗೆ ಹೋಗುತ್ತದೆ. ಟಯರ್ ಬದಲಾವಣೆಯ ಚರ್ಚೆಯಲ್ಲಿ ಎಳೆತದ ಬಗ್ಗೆ ಮಾತಾಡುವವರು ನೂರು ಜನ ಸಿಗುತ್ತಾರೆ, ಬ್ರೇಕಿನ ಬಗ್ಗೆ ಮಾತಾಡುವವರು ಹತ್ತು ಜನ. ನನ್ನ ಮಟ್ಟಿಗೆ ಬೇರೆ ಯಾವ ಕಾರಣವೂ ಇಲ್ಲದಿದ್ದರೂ ಇದೊಂದೇ ಸಾಕು, ಸರಕಿನ ಗಾಡಿಗೆ ಎತ್ತರದ ಟಯರ್ ಬೇಡ ಎನ್ನಲು.

ಮೀಟರಿನ ವಿಷಯ ಸಣ್ಣದು, ಆದರೆ ದಿನವೂ ಕಾಡುವಂಥದು. ಟಯರ್ ಎತ್ತರವಾದಾಗ ಮೀಟರು 60 ತೋರಿಸಿದರೆ ಗಾಡಿ 62.5ರಲ್ಲಿ ಹೋಗುತ್ತಿರುತ್ತದೆ. ಸ್ಪೀಡ್ ಗವರ್ನರನ್ನು 80ಕ್ಕೆ ಕಟ್ಟಿದ್ದರೆ ನಿಜದಲ್ಲಿ ಅದು 83 ದಾಟಿಯೇ ಹಿಡಿಯುವುದು. ಓಡಿದ ಕಿಲೋಮೀಟರು ನೂರಾದರೆ ಮೀಟರಿನಲ್ಲಿ 96. ಮೈಲೇಜ್ ಬಿತ್ತು ಎಂದು ದೂರುವವರ ದೂರಿನಲ್ಲಿ ಒಂದಂಶ ಹೀಗೆ ಮೀಟರಿನ ಸುಳ್ಳು, ಉಳಿದದ್ದು ನಿಜ. ಹಿಂದಿನ ಎರಡು ಟಯರ್ ಮಾತ್ರ ದೊಡ್ಡದು ಮಾಡಿಸಿದ ಗಾಡಿಗಳಲ್ಲಿ ಎಬಿಎಸ್‌ಗೂ ಗೊಂದಲ: ಮುಂದಿನ ಗಾಲಿ ಒಂದು ವೇಗ ಹೇಳುತ್ತದೆ, ಹಿಂದಿನದು ಇನ್ನೊಂದು.

ಹೊರೆಯ ಲೆಕ್ಕದಲ್ಲಿ ನಿಜವಾಗಿ ನೋಡಬೇಕಾದದ್ದು ಹಿಂದಿನ ಆಕ್ಸೆಲನ್ನು. ಖಾಲಿ ಪಿಕಪ್ಪಿನ ತೂಕದಲ್ಲಿ ಹೆಚ್ಚಿನ ಪಾಲು ಮುಂದೆ, ಎಂಜಿನ್ ಇರುವ ಕಡೆ. ಹೇರಿದ ಸರಕಿನ ಹೆಚ್ಚಿನ ಪಾಲು ಹಿಂದೆ. ಲಾರಿಗಿರುವಂತೆ ಹಿಂದೆ ಜೋಡಿ ಟಯರ್ ಇಲ್ಲವಾದ್ದರಿಂದ ಎರಡೇ ಟಯರ್ ಆ ಭಾರವನ್ನೆಲ್ಲ ಹೊರಬೇಕು. ಆ ಭಾರದ ದಾರಿ ನೋಡಿ: ಬಾಡಿಯಿಂದ ಚಾಸಿಗೆ, ಚಾಸಿಯಿಂದ ಪ್ಲೇಟ್ ಸೆಟ್ಟಿಗೆ, ಅಲ್ಲಿಂದ ಆಕ್ಸೆಲ್ ಹೌಸಿಂಗಿಗೆ, ಬೇರಿಂಗಿಗೆ, ಹಬ್ಬಿಗೆ, ನಟ್ಟು ಬೋಲ್ಟಿಗೆ, ರಿಮ್ಮಿಗೆ, ಕೊನೆಗೆ ಟಯರಿಗೆ. ಕಂಪನಿ ಬರೆದುಕೊಟ್ಟ ಹೊರೆಯ ಮಿತಿ ಈ ಸಾಲಿನಲ್ಲಿ ಎಲ್ಲಕ್ಕಿಂತ ಬಡವನಾದವನ ಮಿತಿ. ಟಯರ್ ಅವನಲ್ಲದಿದ್ದರೆ, ಎಷ್ಟು ದೊಡ್ಡ ಟಯರ್ ಹಾಕಿದರೂ ಒಂದು ಕೆಜಿಯೂ ಹೆಚ್ಚುವುದಿಲ್ಲ. ಎಕ್ಸ್‌ಟ್ರಾ ಪ್ಲೇಟ್ ಹಾಕಿಸಿ ಗಾಡಿಯ ಹಿಂಭಾಗ ಎತ್ತಿಸಿಕೊಳ್ಳುವವರ ಕಥೆಯೂ ಇದೇ. ಗಾಡಿ ಕುಸಿಯುವುದು ನಿಂತಿತು, ನಿಜ. ಕುಸಿಯುತ್ತಿದ್ದದ್ದು ಹೊರೆ ಹೆಚ್ಚಾಯಿತೆಂಬ ಸೂಚನೆಯಾಗಿತ್ತು. ಈಗ ಸೂಚನೆ ಹೋಯಿತು, ಹೊರೆ ಉಳಿಯಿತು. ಮುಂದಿನ ಸರದಿ ಬೇರಿಂಗಿನದೋ ಹೌಸಿಂಗಿನದೋ.

ನಮ್ಮ ಕಡೆಯ ಸರಕಿಗೆ ಇನ್ನೊಂದು ಗುಣವಿದೆ, ಮಳೆಗಾಲದಲ್ಲಿ ಅದು ಭಾರವಾಗುತ್ತದೆ. ಕೆಂಪುಕಲ್ಲು ರಂಧ್ರಗಳ ಕಲ್ಲು, ನೀರು ಕುಡಿಯುತ್ತದೆ. ಬೇಸಿಗೆಯಲ್ಲಿ 1.7 ಟನ್ ಮಿತಿಯ ಗಾಡಿಗೆ 56 ಕಲ್ಲು ಹೇರಿದರೆ ಲೆಕ್ಕ ಸರಿಹೋಗುತ್ತದೆ ಎನ್ನಿ. ಜುಲೈಯಲ್ಲಿ ಕೋರೆಯಿಂದ ತೊಯ್ದ ಕಲ್ಲು ಎತ್ತಿದಾಗ ಅದೇ 56 ಕಲ್ಲು ಮಿತಿ ದಾಟಿರುತ್ತದೆ, ಎಣಿಕೆ ಬದಲಾಗಿರುವುದಿಲ್ಲ. ಮರಳಿನದೂ ಅದೇ ಕಥೆ. ಹಂಚು ಮಾತ್ರ ಈ ವಿಷಯದಲ್ಲಿ ನಂಬಿಕಸ್ಥ: ಮಂಗಳೂರು ಹಂಚು ಒಂದಕ್ಕೆ ಎರಡರಿಂದ ಮೂರು ಕೆಜಿ, ಆರುನೂರು ಹಂಚೆಂದರೆ ಸುಮಾರು ಒಂದೂವರೆ ಟನ್. ಕಲ್ಲು, ಮರಳು ಹೇರುವವರು ಎಣಿಕೆಯ ಬದಲು ತೂಕ ನೋಡುವ ಅಭ್ಯಾಸ ಮಾಡಿಕೊಳ್ಳುವುದು ಟಯರ್ ಬದಲಿಸುವುದಕ್ಕಿಂತ ಅಗ್ಗ.

ಇನ್ನು ಶೋಕಿಯ ಅಲಾಯ್. ಹೊರಗಿನ ಎತ್ತರ ಹೆಚ್ಚಿಸದೆ ರಿಮ್ ಮಾತ್ರ ದೊಡ್ಡದು ಮಾಡುವುದು ಇಲ್ಲಿನ ಉಪಾಯ. 215/75 ಆರ್ 15ರ ಬದಲು 17 ಇಂಚಿನ ಅಲಾಯ್ ಮೇಲೆ 225/60 ಆರ್ 17 ಹಾಕಿದರೆ ಹೊರ ಎತ್ತರ 702 ಮಿಲಿಮೀಟರ್, ಹಳೆಯದಕ್ಕೆ ಸರಿಸಮ. ಗೇರಿನ ಲೆಕ್ಕ ಕೆಡುವುದಿಲ್ಲ, ಮೀಟರು ಸುಳ್ಳು ಹೇಳುವುದಿಲ್ಲ. ಆದರೆ ಪಕ್ಕೆ ಗಿಡ್ಡವಾಯಿತು, ಗಾಳಿಗೆ ಜಾಗ ಕಡಿಮೆಯಾಯಿತು. ಈ ಅಳತೆಯ ಕಾರಿನ ಟಯರುಗಳಲ್ಲಿ ಸಾಮಾನ್ಯ ಲೋಡ್ ಇಂಡೆಕ್ಸ್ 99, ಅಂದರೆ 775 ಕೆಜಿ. ಹಿಂದಿನ ಎರಡಕ್ಕೆ ಸೇರಿ 1550. ಕಾರಿನ ಟಯರನ್ನು ಸರಕಿನ ಗಾಡಿಗೆ ಹಾಕುವಾಗ ಅದರ ಶಕ್ತಿಯನ್ನು 1.1ರಿಂದ ಭಾಗಿಸಿ ಎಣಿಸಬೇಕೆಂಬುದು ಅಮೆರಿಕದ ಟಯರ್ ಉದ್ಯಮದ ನಿಯಮ. ಹಾಗೆ ಎಣಿಸಿದರೆ ಒಂದಕ್ಕೆ 705. ನೋಡಲು ಗಟ್ಟಿಮುಟ್ಟಾದ ಗಾಡಿ ಹೊರುವುದರಲ್ಲಿ ಸೊರಗಿತು. ಪಂಚಾಯತಿ ರಸ್ತೆಯ ಹೊಂಡಕ್ಕೆ ಗಿಡ್ಡ ಪಕ್ಕೆಯ ಟಯರ್ ಇಳಿದಾಗ ಏಟು ನೇರ ರಿಮ್ಮಿಗೆ. ಗಾಲಿ ಹೊರಗೆ ಚಾಚಿಕೊಳ್ಳಲಿ ಎಂದು ಸ್ಪೇಸರ್ ಹಾಕಿಸುವವರಂತೂ ಬೇರಿಂಗಿನ ಆಯುಸ್ಸನ್ನು ಕೈಯಾರೆ ಕತ್ತರಿಸುತ್ತಾರೆ. ಮೀನಿನ ಗಾಡಿಗಳ ಸಂಕಟ ಇದಕ್ಕೆ ಸಂಬಂಧವಿಲ್ಲದ್ದು, ಆದರೂ ಹೇಳಬೇಕು: ಐಸ್ ಕರಗಿದ ಉಪ್ಪುನೀರು ಸುರಿದು ಉಕ್ಕಿನ ರಿಮ್ಮಿನ ಅಂಚು ತುಕ್ಕು ಹಿಡಿಯುತ್ತದೆ, ಟಯರ್ ಕೂರುವ ಜಾಗದಲ್ಲಿ ಗಾಳಿ ಸಣ್ಣಗೆ ಸೋರುತ್ತದೆ. ಪಂಕ್ಚರ್ ಹುಡುಕಿದರೆ ಸಿಗುವುದಿಲ್ಲ, ಬೆಳಿಗ್ಗೆ ನೋಡಿದರೆ ಗಾಳಿ ಇರುವುದಿಲ್ಲ. ಆ ಗಾಡಿಗೆ ಬೇಕಾದದ್ದು ದೊಡ್ಡ ಟಯರಲ್ಲ, ರಿಮ್ ಬಿಚ್ಚಿ ಉಜ್ಜಿ ಬಣ್ಣ ಹೊಡೆಯುವ ಒಂದು ಮಧ್ಯಾಹ್ನ.

ಹಾಗಾದರೆ ಕಂಪನಿಗಳೇ ಗಾಲಿ ದೊಡ್ಡದು ಮಾಡಿ ಹೊರೆ ಹೆಚ್ಚಿಸಿಲ್ಲವೆ ಎಂದು ಕೇಳಬಹುದು. ಮಾಡಿವೆ. 2005ರಲ್ಲಿ ಬಂದ ಟಾಟಾ ಏಸ್ 12 ಇಂಚಿನ ಗಾಲಿಯ ಮೇಲೆ ಮುಕ್ಕಾಲು ಟನ್ ಹೊರುವ ಗಾಡಿ. 2011ರ ಅಶೋಕ್ ಲೇಲ್ಯಾಂಡ್ ದೋಸ್ತ್ 14 ಇಂಚಿನ ಗಾಲಿಯ ಮೇಲೆ ಒಂದೂಕಾಲು ಟನ್. 2017ರಲ್ಲಿ ದೋಸ್ತ್ ಪ್ಲಸ್ ಬಂದಾಗ ಗಾಲಿ 15 ಇಂಚಿಗೆ ಏರಿತು, ಹೊರೆ ಒಂದೂವರೆ ಟನ್ನಿನ ಹತ್ತಿರಕ್ಕೆ ಬಂತು. ಇಲ್ಲಿ ಟಯರ್ ಒಬ್ಬಂಟಿಯಾಗಿ ಬೆಳೆದದ್ದಲ್ಲ. ಹೊಸ ಹೊರೆಗೆಂದೇ ಇಡೀ ಗಾಡಿಯ ಲೆಕ್ಕ ಹಾಕಿ, ಪರೀಕ್ಷೆ ಮಾಡಿಸಿ, ಹೊಸ ಮಾದರಿಯೆಂದು ಅನುಮತಿ ಪಡೆದದ್ದು. ಗ್ಯಾರೇಜಿನಲ್ಲಿ ಟಯರ್ ಒಂದನ್ನೇ ಬದಲಿಸುವವರು ಆ ಸರಣಿಯ ಕೊನೆಯ ಕೊಂಡಿಯನ್ನು ಮಾತ್ರ ನಕಲು ಮಾಡುತ್ತಾರೆ.

ಗಾಲಿಯ ಅಳತೆಗೂ ಹೊರೆಗೂ ನೇರ ನಂಟಿಲ್ಲ ಎನ್ನಲು ಇನ್ನೂ ಒಳ್ಳೆಯ ಸಾಕ್ಷಿ ಬಿಡದಿಯಲ್ಲಿದೆ. ಅಲ್ಲಿನ ಟೊಯೊಟಾ ಕಾರ್ಖಾನೆಯಿಂದ 2022ರಲ್ಲಿ ಹೊರಬಂದ ಹೈಲಕ್ಸ್ ಪಿಕಪ್ಪಿನ ಮೇಲ್ದರ್ಜೆಯ ಮಾದರಿಗೆ 18 ಇಂಚಿನ ಗಾಲಿ, 265 ಮಿಲಿಮೀಟರ್ ಅಗಲದ ಟಯರ್. ನಮ್ಮಲ್ಲಿ ಅದಕ್ಕೆ ಗೊತ್ತುಮಾಡಿದ ಹೊರೆ ಅರ್ಧ ಟನ್ನಿನ ಆಸುಪಾಸು. 15 ಇಂಚಿನ ಗಾಲಿಯ ಬೊಲೆರೊ ಪಿಕಪ್ ತನ್ನ ಹೆಸರಿನಲ್ಲೇ 1.7 ಟನ್ ಎಂದು ಬರೆದುಕೊಂಡು ತಿರುಗುತ್ತದೆ. ಮೊದಲನೆಯದು ಐದು ಜನರನ್ನು ಸುಖವಾಗಿ ಕೂರಿಸಿಕೊಂಡು ಕಾಡುಮೇಡು ಹತ್ತಲು ಮಾಡಿದ್ದು, ಇನ್ನೊಂದು ಕಲ್ಲು ಹೊರಲು. ಎರಡನ್ನೂ ಪಿಕಪ್ ಎಂದು ಕರೆಯುವುದರಿಂದ ಹುಟ್ಟುವ ಗೊಂದಲವೇ ಎಷ್ಟೋ ಗಾಡಿಗಳ ಟಯರಿನಲ್ಲಿ ಕಾಣುತ್ತದೆ: ಕಲ್ಲು ಹೊರುವವನಿಗೆ ಕಾಡು ಹತ್ತುವವನ ವೇಷ.

ಎಳೆಯುವ ವಿಷಯ ನಮ್ಮಲ್ಲಿ ಚರ್ಚೆಯೇ ಆಗುವುದಿಲ್ಲ, ಪಿಕಪ್ಪಿಗೆ ಟ್ರೈಲರ್ ಕಟ್ಟುವ ರೂಢಿ ಕಡಿಮೆಯಾದ್ದರಿಂದ. ಆದರೆ ಎಳೆಯುವುದು ಇಲ್ಲವೆಂದಲ್ಲ. ತಾರಸಿ ಹಾಕುವ ದಿನ ಬೆಳಿಗ್ಗೆ ರಸ್ತೆಗೆ ಬಂದು ನಿಂತರೆ ಪಿಕಪ್ಪಿನ ಹಿಂದೆ ಕಾಂಕ್ರೀಟ್ ಮಿಕ್ಸರ್ ಕುಲುಕುತ್ತ ಹೋಗುವುದು ಕಾಣುತ್ತದೆ. ಜಾತ್ರೆ, ಯಕ್ಷಗಾನದ ಆಟದ ಸಮಯದಲ್ಲಿ ಜನರೇಟರ್, ರಸ್ತೆ ಕೆಲಸದಲ್ಲಿ ಟಾರಿನ ಬಾಯ್ಲರ್. ಇವುಗಳಲ್ಲಿ ಬಹಳಷ್ಟಕ್ಕೆ ಬ್ರೇಕಿಲ್ಲ, ಹಿಂದೆ ದೀಪವಿಲ್ಲ. ನಿಲ್ಲಿಸುವ ಕೆಲಸವೆಲ್ಲ ಮುಂದಿನ ಗಾಡಿಯದೇ. ಅದರ ಬ್ರೇಕ್ ಹಿಡಿತವನ್ನು ದೊಡ್ಡ ಟಯರ್ ಆಗಲೇ ಕಡಿಮೆ ಮಾಡಿದ್ದರೆ ಹಿಂದಿನಿಂದ ಒಂದು ಟನ್ ನೂಕಿಕೊಂಡು ಬರುವಾಗ ಏನಾಗುತ್ತದೆಂದು ಊಹಿಸಬಹುದು.

ಎಳೆಯುವ ಭಾರವೂ ಹೊರೆಯ ಲೆಕ್ಕಕ್ಕೆ ಸೇರುತ್ತದೆ ಎನ್ನುವುದು ಹಲವರಿಗೆ ಹೊಳೆಯುವುದಿಲ್ಲ. ಹಿಂದೆ ಕಟ್ಟಿದ್ದರ ತೂಕದಲ್ಲಿ ಹತ್ತರಿಂದ ಹದಿನೈದು ಶೇಕಡಾ ಕೊಕ್ಕೆಯ ಮೇಲೆ ಒತ್ತಿದರೆ ಎಳೆತ ನೆಟ್ಟಗಿರುತ್ತದೆ. ತೀರ ಕಡಿಮೆಯಾದರೆ ಬಾಲ ಅಲ್ಲಾಡುತ್ತದೆ. ಆದರೆ ಕೊಕ್ಕೆ ಇರುವುದು ಹಿಂದಿನ ಆಕ್ಸೆಲ್‌ಗಿಂತ ಹಿಂದೆ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಮೂರು ಮೀಟರ್ ಅಂತರ, ಕೊಕ್ಕೆ ಹಿಂದಿನ ಗಾಲಿಯಿಂದ ಒಂದು ಮೀಟರ್ ಹಿಂದೆ ಎಂದಾದರೆ, ಕೊಕ್ಕೆಯ ಮೇಲಿನ 100 ಕೆಜಿ ಹಿಂದಿನ ಆಕ್ಸೆಲ್‌ಗೆ 133 ಕೆಜಿಯಾಗಿ ಬೀಳುತ್ತದೆ, ಮುಂದಿನ ಆಕ್ಸೆಲ್‌ನಿಂದ 33 ಕೆಜಿ ಕಿತ್ತುಕೊಳ್ಳುತ್ತದೆ. ಸ್ಟೇರಿಂಗ್ ಹಗುರವಾಯಿತು ಎಂದು ಚಾಲಕ ಹೇಳುವುದು ಇದನ್ನೇ. ಮಿಕ್ಸರ್ ಎಳೆಯುವ ದಿನ ಬಾಡಿಯಲ್ಲಿ ಸಿಮೆಂಟ್ ಮೂಟೆಯನ್ನೂ ಪೂರ್ತಿ ಹೇರಿದರೆ ಹಿಂದಿನ ಟಯರುಗಳು ಮಿತಿ ದಾಟಿರುತ್ತವೆ.

ಎಳೆಯುವುದೇ ಸಂಸ್ಕೃತಿಯಾಗಿರುವ ಅಮೆರಿಕದಲ್ಲಿ ಇದಕ್ಕೆಲ್ಲ ಬರೆದಿಟ್ಟ ಪರೀಕ್ಷೆಗಳಿವೆ. ಎಸ್‌ಎಇ ಜೆ2807 ಎಂಬ ಮಾನದಂಡದ ಪ್ರಕಾರ ಗಾಡಿ ಭಾರ ಕಟ್ಟಿಕೊಂಡು ಅರಿಜೋನಾದ ಡೇವಿಸ್ ಡ್ಯಾಮ್ ಏರನ್ನು ನಿಗದಿತ ವೇಗ ಬಿಡದೆ ಹತ್ತಬೇಕು. ಅಲ್ಲಿ ಜನಪ್ರಿಯವಾದ ಫೋರ್ಡ್ ಎಫ್-150ರ 2021ರ ಮಾದರಿಗಳಲ್ಲಿ ಅತಿ ಹೆಚ್ಚು ಎಳೆಯುವುದಕ್ಕೆ 14,000 ಪೌಂಡ್ ಮಿತಿ, ಅಂದರೆ 6,350 ಕೆಜಿ. ಅದೇ ಗಾಡಿಯ 35 ಇಂಚಿನ ಟಯರಿನ, ಮರಳುಗಾಡಿಗೆಂದು ಮಾಡಿದ ರ‍್ಯಾಪ್ಟರಿಗೆ 8,200 ಪೌಂಡ್, 3,720 ಕೆಜಿ. ಇಳಿಕೆಯೆಲ್ಲ ಟಯರಿನದ್ದಲ್ಲ, ಮೆತ್ತನೆಯ ಸ್ಪ್ರಿಂಗುಗಳ ಪಾಲೂ ದೊಡ್ಡದಿದೆ. ಆದರೂ ದೊಡ್ಡ ಟಯರಿನ ಗಾಡಿಗೆ ಕಡಿಮೆ ಎಳೆತ ಎಂದು ಮಾಡಿದ ಕಂಪನಿಯೇ ಬರೆದುಕೊಟ್ಟಿದೆ. ಟೆಕ್ಸಾಸಿನಲ್ಲೋ ಮಿಷಿಗನ್ನಿನಲ್ಲೋ ಇರುವ ನಮ್ಮವರು ದೋಣಿ ಕಟ್ಟಿಕೊಂಡು ಕೆರೆಗೆ ಹೋಗುವ ಮುಂಚೆ ಬಾಗಿಲ ಚೌಕಟ್ಟಿನ ಮೇಲಿನ ಚೀಟಿ ಓದುತ್ತಾರೆ. ಊರಿನ ಗಾಡಿಯಲ್ಲೂ ಗಾಳಿಯ ಒತ್ತಡ, ತೂಕದ ಮಿತಿ ಹೇಳುವ ಅಂಥದೇ ಚೀಟಿ ಅಥವಾ ಫಲಕ ಇರುತ್ತದೆ.

ಕಾನೂನಿನ ಮಾತು ಚಿಕ್ಕದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ನೋಂದಣಿ ಅರ್ಜಿಯಲ್ಲಿ ಸರಕು ವಾಹನದ ಪ್ರತಿ ಆಕ್ಸೆಲ್‌ನ ಟಯರುಗಳ ಸಂಖ್ಯೆ, ವಿವರ, ಅಳತೆ ಬರೆಯುವ ಜಾಗವಿದೆ, ಅಂದರೆ ಟಯರಿನ ಅಳತೆ ಗಾಡಿಯ ಗುರುತಿನ ಭಾಗ. ಮಿತಿ ಮೀರಿದ ಹೊರೆಗೆ 2019ರ ತಿದ್ದುಪಡಿಯ ನಂತರ 194ನೇ ಕಲಮಿನಲ್ಲಿ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಅಪಘಾತವಾದರೆ ವಿಮಾ ಕಂಪನಿಗೆ ತಕರಾರು ತೆಗೆಯಲು ಇಷ್ಟು ಸಾಕು. ದಂಡದ ಹೆದರಿಕೆಯಿಂದ ಟಯರ್ ಬದಲಿಸದವರಿಗಿಂತ ಲೆಕ್ಕ ತಿಳಿದು ಬದಲಿಸದವರು ಹೆಚ್ಚಾದರೆ ಒಳ್ಳೆಯದು, ಅದು ನನ್ನ ಆಸೆ.

ದೊಡ್ಡ ಟಯರಿನ ಪರವಾಗಿಯೂ ಹೇಳಬೇಕಾದದ್ದಿದೆ. ಎತ್ತರದ ಟಯರ್ ಹೊಂಡಕ್ಕೆ ಪೂರ್ತಿ ಇಳಿಯದೆ ಮೇಲಿಂದ ದಾಟುತ್ತದೆ. ಕೋರೆಯ ದಾರಿಯಲ್ಲಿ ಗಾಡಿಯ ಹೊಟ್ಟೆ ಕಲ್ಲಿಗೆ ತಾಗುವುದು ಕಡಿಮೆ. ಒಂದು ಕಿಲೋಮೀಟರಿಗೆ ಕಡಿಮೆ ಸುತ್ತು ತಿರುಗುವುದರಿಂದ ತುಸು ನಿಧಾನವಾಗಿ ಸವೆಯುತ್ತದೆ. ಸಮತಟ್ಟು ಹೆದ್ದಾರಿಯಲ್ಲಿ ಹಗುರ ಸರಕು ಹೊತ್ತು ಓಡುವ ಗಾಡಿಗೆ ಟಾಪ್ ಗೇರಿನಲ್ಲಿ ಎಂಜಿನ್ ಶಾಂತವಾಗಿರುತ್ತದೆ. ಗಂಗೊಳ್ಳಿಯಿಂದ ಹೆದ್ದಾರಿಗುಂಟ ಖಾಲಿ ಪೆಟ್ಟಿಗೆ ಸಾಗಿಸುವವನೊಬ್ಬ ಕಂಪನಿಯೇ ಒಪ್ಪಿದ ಮುಂದಿನ ಅಳತೆಗೆ ಹೋದರೆ ನನ್ನ ತಕರಾರಿಲ್ಲ. ಕಲ್ಲು ಹೊರುವವನು, ಘಾಟಿ ಹತ್ತುವವನು, ಮಿಕ್ಸರ್ ಎಳೆಯುವವನು ಕಂಪನಿಯ ಅಳತೆ ಬಿಟ್ಟು ಕದಲಬಾರದು. ಹಣ ಹಾಕುವುದಿದ್ದರೆ ಅದೇ ಅಳತೆಯಲ್ಲಿ ಹೆಚ್ಚಿನ ಲೋಡ್ ಇಂಡೆಕ್ಸಿನ ಟಯರಿಗೆ, ಒಳ್ಳೆಯ ಬ್ರೇಕ್ ಲೈನರಿಗೆ ಹಾಕಲಿ. ಸ್ಟೆಪ್ನಿಯೂ ಅದೇ ಅಳತೆಯದ್ದಿರಲಿ.

ಇನ್ನೊಂದು ಕೆಲಸ, ಖರ್ಚು ಅತಿ ಕಡಿಮೆಯದು. ನೀವು ದಿನವೂ ಹೇರುವಷ್ಟೇ ಹೊರೆ ಹೇರಿ ವೇ ಬ್ರಿಡ್ಜಿಗೆ ಹೋಗಿ. ಇಡೀ ಗಾಡಿಯ ತೂಕ ಮಾಡಿಸಿದ ಮೇಲೆ, ಮುಂದಿನ ಗಾಲಿಗಳನ್ನು ತಟ್ಟೆಯಿಂದ ಆಚೆ ಇಳಿಸಿ ಹಿಂದಿನ ಆಕ್ಸೆಲ್ ಮಾತ್ರ ತೂಗಿಸಿ. ಬಂದ ಸಂಖ್ಯೆಯನ್ನು ಎರಡರಿಂದ ಭಾಗಿಸಿ, ಹಿಂದಿನ ಟಯರಿನ ಲೋಡ್ ಇಂಡೆಕ್ಸ್ ಹೇಳುವ ಕೆಜಿಯ ಜೊತೆ ಹೋಲಿಸಿ ನೋಡಿ. ಭಾಗಿಸಿದ ಸಂಖ್ಯೆ ದೊಡ್ಡದಿದ್ದರೆ ಟಯರ್ ಅಂಗಡಿಗೆ ಹೋಗುವ ಮುಂಚೆ ಹೊರೆ ಇಳಿಸಿ.